ಪಾತ್ರೆ ಬಿದ್ದ ಸದ್ದು

ಟ್ರೇಲರ್ ಬಿಡುಗಡೆಯಾಗಿ ಅರ್ಧ ದಿನ ಕಳೆಯುವುದರೊಳಗೆ ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದ ಅವಳಿಗೆ ಹೊಸ ಹೆಸರು ಬಿದ್ದಿತ್ತು: ಪಾತ್ರೆ ಅಕ್ಕ. ಮೊದಲು ಯಾರು ಕರೆದರೋ ಗೊತ್ತಿಲ್ಲ, ಇಂಥ ಹೆಸರುಗಳಿಗೆ ಹೆತ್ತವರು ಇರುವುದಿಲ್ಲ, ಸಾಕುವವರು ಮಾತ್ರ ಸಾವಿರಾರು ಜನ. ಟ್ರೇಲರಿನಲ್ಲಿ ಒಬ್ಬ ತಾಯಿ ಕಳೆದುಹೋದ ಮಗುವನ್ನು ಹುಡುಕುತ್ತ ಓಡುತ್ತಾಳೆ. ಅದರ ಹಿಂದೆ ಬರುವ ಸಂಗೀತ ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆ ಎಂದು ಒಬ್ಬ ಬರೆದ, ಉಳಿದವರು ಚಪ್ಪಾಳೆ ತಟ್ಟಿದರು, ಅಲ್ಲಿಗೆ ನಾಮಕರಣ ಮುಗಿಯಿತು.

'ಮೇಷ್ಟ್ರು ಇದ್ದಿದ್ರೆ ಇಲ್ಲಿ ಕಣ್ಣಲ್ಲಿ ನೀರು ಬರ್ತಿತ್ತು. ಈಗ ಕಿವೀಲಿ ರಕ್ತ ಬರ್ತಿದೆ.'

'ನಮ್ಮನೆ ಬೆಕ್ಕು ಅಡುಗೆಮನೆಗೆ ನುಗ್ಗಿದಾಗ ಇದಕ್ಕಿಂತ ಚೆನ್ನಾಗಿ ಬಾರಿಸುತ್ತೆ.'

ಸಿನಿಮಾದ ಮೊದಲ ಭಾಗಕ್ಕೆ ಸಂಗೀತ ಕೊಟ್ಟವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಕೈಕೆಳಗೆ ಕೆಲಸ ಮಾಡಿದವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವರಂತೆ ಬೈಯುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಎರಡನೇ ಭಾಗದ ಹೊತ್ತಿಗೆ ಅವರಿಗೂ ನಿರ್ಮಾಪಕರಿಗೂ ಜಗಳವಾಯಿತು. ಕಾರಣ ಏನೆಂದು ಇಬ್ಬರಿಗೂ ಈಗ ಸರಿಯಾಗಿ ನೆನಪಿಲ್ಲ, ಸಿಟ್ಟನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕೆಲಸ ಅವಳ ಪಾಲಿಗೆ ಬಂತು. ಮೇಷ್ಟ್ರ ಸಹಾಯಕಿಯಾಗಿ ವರ್ಷಗಟ್ಟಲೆ ದುಡಿದವಳು, ಒಪ್ಪಿಕೊಳ್ಳುವ ಮೊದಲು ಅವರನ್ನು ಒಂದು ಮಾತು ಕೇಳಬೇಕಿತ್ತು. ಫೋನ್ ಮಾಡಿದಳು, ಅವರು ಎತ್ತಲಿಲ್ಲ. ಇನ್ನೊಂದು ಸಲ ಮಾಡುವ ಧೈರ್ಯ ಬರಲಿಲ್ಲ. ಒಪ್ಪಿಕೊಂಡಳು. ಅಂದಿನಿಂದ ಅವರ ಮನೆಯ ಮೆಟ್ಟಿಲು ತುಳಿದಿರಲಿಲ್ಲ.

ಈಗ ಅವಳ ಪರವಾಗಿ ಹೋರಾಡಲು ಉಳಿದದ್ದು ಅವಳ ಅಮ್ಮ ಒಬ್ಬಳೇ. ಅಮ್ಮ 'ಸತ್ಯವಾದಿ' ಎಂಬ ಸುಳ್ಳು ಹೆಸರಿನಲ್ಲಿ ಅಭಿಮಾನಿಗಳ ಜೊತೆ ಜಗಳಕ್ಕೆ ಇಳಿದಿದ್ದಳು. ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೇಳಿ ಎಂದು ಒಬ್ಬನಿಗೆ ಬರೆದಳು. ನೀವು ಪಾತ್ರೆ ಅಕ್ಕನ ಅಮ್ಮನಾ ಎಂದು ಅವನು ಕೇಳಿದ. ಅಮ್ಮ ಮುಖ ಬಿಳಿಚಿಕೊಂಡು ಓಡಿಬಂದು, "ಇವರಿಗೆ ಹೆಂಗೇ ಗೊತ್ತಾಯ್ತು?" ಎಂದಳು. ಬೇರೆ ದಿನವಾಗಿದ್ದರೆ ಮಗಳು ನೆಲಕ್ಕೆ ಬಿದ್ದು ನಗುತ್ತಿದ್ದಳು. ಅವತ್ತು ನಗು ಬರಲಿಲ್ಲ.

ಏಕೆಂದರೆ ಇಡೀ ಲೋಕ ಬೈಯುತ್ತಿದ್ದ ಆ ಸಂಗೀತದಲ್ಲಿ ಒಂದೇ ಒಂದು ಸ್ವರವೂ ಅವಳದಲ್ಲ.

ಎಡಿಟಿಂಗ್ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಸಂಗೀತ ಸಿದ್ಧವಾಗುವ ತನಕ ದೃಶ್ಯಗಳ ಹಿಂದೆ ಯಾವುದಾದರೂ ಹಳೆಯ ಸಂಗೀತವನ್ನು ಅಂಟಿಸಿಕೊಂಡಿರುತ್ತಾರೆ, ಮನೆ ಕಟ್ಟುವಾಗ ಬಾಗಿಲ ಜಾಗಕ್ಕೆ ಗೋಣಿ ಕಟ್ಟಿದ ಹಾಗೆ. ಹೊಸದು ಬಂದ ಮೇಲೆ ಅದನ್ನು ಕಿತ್ತು ಎಸೆಯುತ್ತಾರೆ. ಈ ಸಲ ಟ್ರೇಲರಿನ ಗಡಿಬಿಡಿಯಲ್ಲಿ ಕೀಳುವುದು ಮರೆತುಹೋಯಿತು, ಗೋಣಿಯೇ ಬಾಗಿಲಾಗಿ ಊರಿನ ಮುಂದೆ ನಿಂತಿತು. ಅದು ಯಾರ ಗೋಣಿ ಎಂಬುದೇ ತಮಾಷೆ. ಮೊದಲ ಭಾಗದಲ್ಲಿ ಮಗು ಕಳೆದುಹೋಗುವ ದೃಶ್ಯಕ್ಕೆಂದು ಮೇಷ್ಟ್ರೇ ಮಾಡಿದ್ದ ಸಂಗೀತ ಅದು. ಜನ ನಗುತ್ತಾರೆ ಎಂದು ಆಗಿನ ನಿರ್ದೇಶಕರು ಬೇಡವೆಂದಿದ್ದರು, ಜನ ಅಳುತ್ತಾರೆ ಎಂದು ಮೇಷ್ಟ್ರು ಹಟ ಹಿಡಿದಿದ್ದರು, ಕೊನೆಗೆ ಸೋತಿದ್ದರು. ಹೊರಗೆ ಯಾರೂ ಕೇಳಿರದ ಆ ತುಣುಕು ಎಡಿಟರ್‌ನ ಹಳೆಯ ಫೈಲುಗಳಲ್ಲಿ ಉಳಿದುಹೋಗಿತ್ತು. ಅದನ್ನು ಧ್ವನಿಮುದ್ರಿಸಿದ ದಿನ ಅವಳೇ ಮೈಕ್ ಹಿಡಿದು ನಿಂತಿದ್ದಳು.

ಎಡಿಟರ್ ಹೆಲ್ಮೆಟ್ಟನ್ನು ಹೊಟ್ಟೆಗೆ ಅವುಚಿಕೊಂಡು ಅವಳ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದ. "ತಪ್ಪಾಗೋಯ್ತು ಕಣಕ್ಕಾ. ನಿರ್ಮಾಪಕರಿಗೆ ಇನ್ನೂ ಹೇಳಿಲ್ಲ. ನೀನು ಹ್ಞೂಂ ಅಂದ್ರೆ ಹೋಗಿ ಹೇಳ್ತೀನಿ, ಕೆಲಸ ಹೋದ್ರೂ ಹೋಗ್ಲಿ. ಆದ್ರೆ ಹೇಳಿದ್ರೆ ಮೇಷ್ಟ್ರ ಹೆಸರೂ ಹೊರಗೆ ಬರುತ್ತೆ."

"ತಡಿ. ಮೊದಲು ಅವರನ್ನ ಕೇಳ್ತೀನಿ. ಹೋದ ಸಲ ಕೇಳದೇ ಹೋಗಿದ್ದು ಸಾಕು."

ಅಷ್ಟರಲ್ಲಿ ನಿರ್ಮಾಪಕರ ಫೋನ್ ಬಂದಿತ್ತು. ಸಂಜೆ ಆರಕ್ಕೆ ಮತ್ತೆ ಮಾಡುತ್ತೇನೆ, ಒಂದು ಒಳ್ಳೆಯ ಕಾರಣ ಹೇಳಿ, ಇಲ್ಲದಿದ್ದರೆ ದಾರಿ ಬಿಡಿ ಎಂದು ಅವರು ನೇರವಾಗಿಯೇ ಹೇಳಿದರು. ಸ್ವಂತ ಹೆಸರಿನಲ್ಲಿ ಅವಳ ಮೊದಲ ಸಿನಿಮಾ ಇದು. ತಾಯಿ ಓಡುವ ಆ ದೃಶ್ಯಕ್ಕೆ ಅವಳು ಮಾಡಿದ ಸಂಗೀತ ಮೊನ್ನೆಯಷ್ಟೇ ಮುಗಿದು ಅವಳ ಫೋನಿನಲ್ಲಿ ತೆಪ್ಪಗೆ ಕೂತಿತ್ತು. ಅವಳು ಹೊರಬಿದ್ದರೆ ಅದನ್ನು ಯಾರೂ ಕೇಳುವುದಿಲ್ಲ, ಪಾತ್ರೆ ಅಕ್ಕ ಎಂಬ ಹೆಸರೊಂದೇ ಉಳಿಯುತ್ತದೆ.

ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದದ್ದು ಅವರ ಹೆಂಡತಿ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಒಳಗೆ ಬಾ ಎಂದು ಕೈ ಹಿಡಿದು ಎಳೆದುಕೊಂಡರು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಫೋನನ್ನು ತೋಳುದ್ದ ದೂರ ಹಿಡಿದು ಕೂತಿದ್ದರು.

"ಬಾರಮ್ಮ ಪಾತ್ರೆ ಅಕ್ಕ," ಎಂದರು.

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಬೀದಿಯವರು ಕರೆದರೆ ಬೇರೆ, ಇವರು ಕರೆದರೆ ಬೇರೆ.

"ಇದನ್ನ ಕೇಳು," ಎಂದು ಅವರು ಗಂಟಲು ಸರಿಮಾಡಿಕೊಂಡರು. "'ಇದನ್ನು ಮಾಡಿದವರ ಕಿವಿಗೂ ಮಿದುಳಿಗೂ ನಡುವೆ ರಸ್ತೆ ಕಾಮಗಾರಿ ನಡೆಯುತ್ತಿದೆ.' ಚೆನ್ನಾಗಿ ಬರ್ದಿದಾನೆ, ಅಲ್ವಾ? ಇನ್ನೊಂದಿದೆ. 'ಇಂಥವರಿಗೆ ಹಾರ್ಮೋನಿಯಂ ಮುಟ್ಟಲು ಬಿಟ್ಟವರನ್ನು ಒಳಗೆ ಹಾಕಬೇಕು.' ಬಿಟ್ಟೋನು ನಾನೇ! ನನ್ನನ್ನೂ ಒಳಗೆ ಹಾಕ್ತಾರೆ."

ಅವರು ನಗುತ್ತಿದ್ದರು. ಅವಳು ನಿಂತೇ ಇದ್ದಳು. ತನ್ನದೇ ಕೂಸನ್ನು ಗುರುತು ಹಿಡಿಯಲಾರದಷ್ಟು ಮರೆವು ಬಂದಿದೆಯೇ ಇವರಿಗೆ ಎಂದು ಅವಳಿಗೆ ದಿಗಿಲಾಯಿತು. ಹಾಗಿದ್ದರೆ ಹೇಗೆ ಹೇಳುವುದು? ಇಷ್ಟು ಹೊತ್ತು ನೀವು ನಕ್ಕಿದ್ದು ನಿಮ್ಮನ್ನೇ ನೋಡಿ ಎಂದು ಯಾವ ಬಾಯಿಂದ ಹೇಳುವುದು? ಗೋಡೆಯ ಗಡಿಯಾರ ಆರರತ್ತ ಜರುಗುತ್ತಿತ್ತು.

"ಟೀ ಮಾಡೋಣ ಬಾ," ಎಂದು ಮೇಷ್ಟ್ರ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದರು. ಒಲೆ ಹಚ್ಚಿದವರು ನೀರಿಡಲಿಲ್ಲ. ಕೈ ಚಾಚಿ ಕಪಾಟಿನ ಮೇಲಿನಿಂದ ಒಂದು ದೊಡ್ಡ ಸ್ಟೀಲ್ ಬೋಗುಣಿ ಇಳಿಸಿದರು. ಅದರ ಒಂದು ಪಕ್ಕ ಒಳಕ್ಕೆ ತಗ್ಗಾಗಿತ್ತು.

ಅವಳಿಗೆ ಆ ದಿನ ಕಣ್ಣ ಮುಂದೆ ಬಂತು. ಯಾವ ವಾದ್ಯವೂ ಒಪ್ಪಿಗೆಯಾಗದೆ ಮೇಷ್ಟ್ರು ಈ ಅಡುಗೆಮನೆಗೆ ನುಗ್ಗಿ, ಸಿಕ್ಕಿದ ಬೋಗುಣಿ, ತಟ್ಟೆ, ಮುಚ್ಚಳಗಳನ್ನೆಲ್ಲ ಹೊತ್ತುಕೊಂಡು ಸ್ಟುಡಿಯೋಗೆ ಬಂದಿದ್ದರು. ಮಗು ಕಾಣದಾದಾಗ ತಾಯಿಯ ಕೈಯಲ್ಲಿ ಏನಿರುತ್ತದೆ, ವೀಣೆ ಇರುತ್ತದಾ ಎಂದು ಕೂಗಾಡಿದ್ದರು. ಅಭಿಮಾನಿಗಳು ತಪ್ಪು ಹೇಳಿರಲಿಲ್ಲ. ಅದು ನಿಜವಾಗಿಯೂ ಪಾತ್ರೆ ಬಿದ್ದ ಸದ್ದೇ.

"ಇವತ್ತಿಗೂ ನೆಟ್ಟಗಾಗಿಲ್ಲ ನೋಡು," ಎಂದರು ಮೇಷ್ಟ್ರ ಹೆಂಡತಿ ತಗ್ಗಿನ ಮೇಲೆ ಬೆರಳಾಡಿಸುತ್ತ. "ನಂಗೆ ಮೊದಲ ಏಟಿಗೇ ಗೊತ್ತಾಯ್ತು. ನನ್ನ ಬೋಗುಣಿ ಸದ್ದು ನಂಗೆ ಗೊತ್ತಾಗಲ್ವಾ?"

"ಅವರಿಗೆ ಗೊತ್ತಾಗಿಲ್ವಲ್ಲ ಅಮ್ಮ."

"ಗೊತ್ತಾಗಿಲ್ಲ ಅಂದ್ಕೊಂಡ್ಯಾ?" ಅವರ ಧ್ವನಿ ಇಳಿಯಿತು. "ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಒಂದೊಂದನ್ನೂ ಗಟ್ಟಿಯಾಗಿ ಓದ್ತಿದಾರೆ. ಜನ ಯಾರಿಗೆ ಬೈತಿದಾರೆ ಅಂತ ಗೊತ್ತಿದ್ದೇ ಓದ್ತಿದಾರೆ."

ಅವಳು ಹೊರಗೆ ಬಂದಳು. ಮೇಷ್ಟ್ರ ಎದುರು ನೆಲದ ಮೇಲೆ ಕೂತಳು, ಮೊದಲೆಲ್ಲ ಪಾಠ ಬರೆದುಕೊಳ್ಳಲು ಕೂರುತ್ತಿದ್ದ ಜಾಗದಲ್ಲೇ.

"ಸರ್, ಅದು ನಿಮ್ಮದು."

ಮೇಷ್ಟ್ರು ಕನ್ನಡಕ ತೆಗೆದರು. "ಇಷ್ಟು ಹೊತ್ತು ಬೇಕಾಯ್ತಾ ಇದನ್ನ ಹೇಳೋಕೆ?"

"ಎಡಿಟರ್ ಕೈತಪ್ಪಿ ಆಗಿದ್ದು. ನಿರ್ಮಾಪಕರು ಆರು ಗಂಟೆಗೆ ಫೋನ್ ಮಾಡ್ತಾರೆ. ನನ್ನದಲ್ಲ ಅಂದ್ರೆ ಯಾರದು ಅಂತ ಕೇಳ್ತಾರೆ. ನಿಮ್ಮ ಹೆಸರು ಹೇಳ್ಲಾ? ಹೇಳಿದ ತಕ್ಷಣ ಈ ಜನರೇ ಹಾಡಿ ಹೊಗಳ್ತಾರೆ ಸರ್. ನಿಮಗೂ ಒಳ್ಳೇದು, ನನಗೂ."

"ಅದೇ ಬೇಡ ಅನ್ನೋದು."

"ಯಾಕೆ?"

"ನನ್ನ ಹೆಸರಿಲ್ಲದೆ ಮೊದಲನೇ ಸಲ ಕೇಳಿದಾರೆ. ನಗ್ತಾರೆ ಅಂತ ಡೈರೆಕ್ಟ್ರು ಹೇಳಿದ್ರು, ನಕ್ಕರು. ಸರಿ, ಸೋತೆ, ಅದನ್ನ ನುಂಗ್ಕೋಬಹುದು. ಈಗ ಹೆಸರು ಹಾಕಿದ ತಕ್ಷಣ ಅದೇ ಜನ ಅತ್ತರೆ..." ಅವರು ಕಿಟಕಿಯಾಚೆ ನೋಡಿದರು. "ಇಷ್ಟು ವರ್ಷ ಅತ್ತಿದ್ದೆಲ್ಲ ಯಾವುದಕ್ಕೆ ಅಂತ ಗೊತ್ತಾಗಿಬಿಡುತ್ತಲ್ಲಮ್ಮ. ಈ ವಯಸ್ಸಲ್ಲಿ ಅದನ್ನ ಗೊತ್ತು ಮಾಡ್ಕೊಂಡು ಏನ್ ಮಾಡ್ಲಿ?"

ಅವಳಿಗೆ ಕನಿಕರವಾಯಿತು. ಕನಿಕರವಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟೂ ಬಂತು. ಈ ಮನುಷ್ಯ ಒಂದು ಫೋನ್ ಎತ್ತಿರಲಿಲ್ಲ. ಬಂದವಳನ್ನು ಪಾತ್ರೆ ಅಕ್ಕ ಎಂದು ಕರೆದಿದ್ದರು. ಹಾಗಿದ್ದೂ ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿರುವುದನ್ನು ನೋಡಿ, ಮತ್ತೆ ಒತ್ತಾಯಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಫೋನ್ ಹೊಡೆದುಕೊಂಡಿತು.

"ಎತ್ತು," ಎಂದರು ಮೇಷ್ಟ್ರು. "ನಿನ್ನ ಅನ್ನ ಕಿತ್ಕೊಳ್ಳೋನಲ್ಲ ನಾನು. ಏನು ಹೇಳ್ತೀಯೋ ಹೇಳು."

ಬೇಡ ಎಂದೇ ಪಟ್ಟು ಹಿಡಿದು ನಿಂತಿದ್ದರೆ ಸುಲಭವಿತ್ತು. ಈಗ ಎಲ್ಲವೂ ಅವಳ ಬಾಯಿಗೆ ಬಿತ್ತು. ಅವಳು ಎತ್ತಿದಳು. ನಿರ್ಮಾಪಕರ ದನಿ ಸ್ಪೀಕರಿನ ಹಂಗಿಲ್ಲದೆ ಕೋಣೆಯೆಲ್ಲ ಕೇಳುವಷ್ಟು ದೊಡ್ಡದು.

"ಎಡಿಟರ್ ಮುಖ ನೋಡಿದ್ರೆ ಏನೋ ಮುಚ್ಚಿಡ್ತಿದಾನೆ ಅನ್ಸುತ್ತೆ. ನೇರವಾಗಿ ಕೇಳ್ತೀನಿ. ಆ ಟ್ಯೂನ್ ನಿಮ್ಮದಾ, ಅಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಬೋಗುಣಿ ಹಿಡಿದು ನಿಂತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿದ್ದರು.

"ನಂದೇ ಸರ್," ಎಂದಳು.

ಆಚೆ ನಿಟ್ಟುಸಿರು ಕೇಳಿತು. "ಹಾಗಾದ್ರೆ ನಾನೇನೂ ಮಾಡೋಕಾಗಲ್ಲಮ್ಮ. ನಾಳೆಯಿಂದ ನೀವು—"

"ನಿಂದಂತೆ!" ಮೇಷ್ಟ್ರು ಕುರ್ಚಿಯಿಂದ ಹಾರಿ ಎದ್ದ ರಭಸಕ್ಕೆ ಕನ್ನಡಕ ನೆಲಕ್ಕೆ ಬಿತ್ತು. "ಯಾವಾಗ ಮಾಡ್ದೆ ನೀನು? ಮೈಕ್ ಹಿಡ್ಕೊಂಡು ನಿಂತಿದ್ದೋಳು! ಆ ಮುಚ್ಚಳದ ಏಟು ಎಲ್ಲಿ ಬೀಳಬೇಕು ಅಂತ ಹುಡುಕೋಕೆ ನಿದ್ದೆ ಕೆಟ್ಟೋನು ನಾನು. ಕಳ್ಳಿ! ಕೊಡಿಲ್ಲಿ!" ಅವಳ ಕೈಯಿಂದ ಫೋನ್ ಕಿತ್ತುಕೊಂಡರು. "ಏನ್ರೀ, ಕೇಳಿಸ್ತಿದ್ಯಾ? ಅದು ನಂದು! ಒಂದೊಂದು ಏಟೂ ನಂದು! ಬೈಯೋದಾದ್ರೆ ನನ್ನನ್ನ ಬೈರಿ!"

ಆಮೇಲೆ ಅವರೂ ನಿರ್ಮಾಪಕರೂ ಒಂದಿಷ್ಟು ಹೊತ್ತು ಹಳೆಯ ಸಿಟ್ಟನ್ನೆಲ್ಲ ಹರವಿ ಕೂಗಾಡಿದರು, ಹಾಗಾದರೆ ಅವಳು ಕೆಲಸದಲ್ಲಿರಲಿ ಎಂದು ನಿರ್ಮಾಪಕರು ಕೊನೆಗೆ ಒಪ್ಪಿದರು. ಫೋನ್ ಇಟ್ಟಾಗ ಮೇಷ್ಟ್ರು ಏದುಸಿರು ಬಿಡುತ್ತಿದ್ದರು. ತಾನೇನು ಮಾಡಿದೆ ಎಂಬುದು ನಿಧಾನವಾಗಿ ಅವರ ಮುಖಕ್ಕೆ ಬಂತು. ಅವಳ ಕಡೆ ನೋಡಿದರು, ಅವಳು ಕನ್ನಡಕ ಎತ್ತಿ ಒರೆಸಿ ಕೊಟ್ಟಳು. ಬೇಕೆಂದೇ ಹಾಗೆ ಹೇಳಿ ಅವರನ್ನು ಕೆಣಕಿದಳೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಇಲ್ಲವೆಂದೇ ಅವಳು ಹೇಳಬೇಕಾಗುತ್ತಿತ್ತು, ಏಕೆಂದರೆ ಅದು ಅವಳ ಲೆಕ್ಕದಲ್ಲೇ ಇರಲಿಲ್ಲ.

ನಿರ್ಮಾಪಕರು ತಡಮಾಡುವ ಜನವಲ್ಲ. ಟೀ ಲೋಟಕ್ಕೆ ಬೀಳುವಷ್ಟರಲ್ಲಿ ಸುದ್ದಿ ಹೊರಬಿದ್ದಿತ್ತು. ಅವಳ ಅಮ್ಮ ಮೂರು ಸಲ ಫೋನ್ ಮಾಡಿದಳು. ಮೇಷ್ಟ್ರ ಹೆಂಡತಿ ಫೋನ್ ಹಿಡಿದು ಓದತೊಡಗಿದರು, ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

"'ಮೊದಲ ಏಟಿಗೇ ಮೈ ಜುಮ್ ಅಂದಿತ್ತು. ಇದು ಮೇಷ್ಟ್ರ ಕೈ ಅಂತ ಆಗಲೇ ಗೊತ್ತಾಗಿತ್ತು.' 'ಅಡುಗೆಮನೆಯ ಸದ್ದಿನಲ್ಲಿ ತಾಯಿಯ ಸಂಕಟ! ಇಯರ್‌ಫೋನ್ ಹಾಕಿಕೊಂಡು ಕೇಳಿ, ಅಳು ತಡೆಯಲಾಗುವುದಿಲ್ಲ.'"

"ಇದನ್ನ ಬರೆದೋನ ಹೆಸರೇನು?" ಎಂದರು ಮೇಷ್ಟ್ರು.

ಹೆಂಡತಿ ಹೇಳಿದರು.

"ಬೆಕ್ಕಿನೋನು ಇವನೇ ಅಲ್ವಾ?"

"ಇವನೇ."

ಮೇಷ್ಟ್ರು ಕೈ ಚಾಚಿ ಫೋನ್ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಇನ್ನಷ್ಟು ವಯಸ್ಸಾದಂತೆ ಕಂಡಿತು. ಅವಳಿಗೆ ತನ್ನ ಕೆಲಸ ಉಳಿದ ಸಂತೋಷವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ. ಲೋಟ ತೊಳೆಯಲೆಂದು ಎದ್ದಳು.

"ಕೂತ್ಕೋ," ಎಂದರು ಅವರು. "ಆ ದೃಶ್ಯಕ್ಕೆ ನೀನೇನು ಮಾಡಿದೀಯ? ಹಾಕು."

"ಈಗ ಬೇಡ ಸರ್."

"ಹಾಕು ಅಂದೆ."

ಅವಳು ಹಾಕಿದಳು. ಹೊರಗಿನ ಬೀದಿಯಲ್ಲಿ ಯಾರೋ ಗಾಡಿ ಶುರುಮಾಡುತ್ತಿದ್ದರು. ಮೇಷ್ಟ್ರು ಎದ್ದು ಕಿಟಕಿ ಮುಚ್ಚಿ ಬಂದು ಕೂತರು. ಆ ಪುಟ್ಟ ಫೋನಿನೊಳಗಿಂದ ಅವಳ ಒಂದು ವರ್ಷ ಹೊರಬರುತ್ತಿತ್ತು, ಅವಳು ಅವರ ಮುಖ ನೋಡಲಾರದೆ ಅವರ ಪಾದ ನೋಡುತ್ತ ಕೂತಳು. ಸಂಗೀತ ಮುಗಿಯಿತು. ದಿನವಿಡೀ ತಿಂದ ಬೈಗುಳಕ್ಕೂ ಅವಳು ಹೀಗೆ ಹೆದರಿರಲಿಲ್ಲ.

"ಮೊದಲರ್ಧ ಚೆನ್ನಾಗಿಲ್ಲ," ಎಂದರು ಮೇಷ್ಟ್ರು ಕೊನೆಗೆ. "ಅದು ನೀನಲ್ಲ, ನಾನು. ನನ್ನ ಥರ ಮಾಡೋಕೆ ಹೋಗಿ ಹಾಳು ಮಾಡಿದೀಯ. ಬಿಸಾಕು."

"ಎರಡನೇ ಅರ್ಧ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಟ್ಟೆ ಉರೀತಿದೆ ಕಣಮ್ಮ," ಎಂದರು.

ನಿಜವಾಗಿ ಅವಳದೇ ಆದ ಸಂಗೀತದ ಬಗ್ಗೆ ಈ ಲೋಕದಲ್ಲಿ ಯಾರಾದರೂ ಆಡಿದ ಮೊದಲ ಮಾತು ಅದು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಮೇಷ್ಟ್ರು ತಬ್ಬಿಬ್ಬಾಗಿ, ಅಳುವುದನ್ನು ನಿಲ್ಲಿಸು, ಮೊದಲರ್ಧ ನಾಳೆಯೊಳಗೆ ಬರೆದು ತಾ ಎಂದು ಗದರಿದರು.