ಪಡಸಾಲೆಯ ಇಪ್ಪತ್ತೈದು ಕಲ್ಲು

ಇಳಕಲ್ಲಿನ ಅಬ್ದುಲಸಾಬ ಗ್ರಾನೈಟ್ ಹಾಸುವುದರಲ್ಲಿ ಪಳಗಿದ ಮೇಸ್ತ್ರಿ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಬಸವೇಶ್ವರಿ ವಿದ್ಯಾಗಿರಿ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಳು. ಅಲ್ಲಿನ ಪಡಸಾಲೆಗೆ ಅವನು ವಾರದ ಹಿಂದೆ ಕೆಂಪು ಕಲ್ಲು ಕೂರಿಸಿದ್ದ: ಅಡ್ಡ ಐದು, ಉದ್ದ ಐದು. ಇವತ್ತು ಸಂದು ತುಂಬಲು ಬಂದಿದ್ದ.

ಚಹಾ ತಂದ ಬಸವೇಶ್ವರಿ ನೆಲವನ್ನೇ ನೋಡುತ್ತ ನಿಂತಳು.

"ಕಾಕಾ, ಬಾಗಿಲ ಮೂಲಿಯಿಂದ ಆ ಎದುರ ಮೂಲಿಗೆ ಹೋಗಬೇಕು. ಬಲಕ್ಕ ಇಲ್ಲಾ ಮುಂದಕ್ಕ, ಒಂದೊಂದ ಕಲ್ಲು ದಾಟಬೇಕು. ಒಟ್ಟು ಎಷ್ಟು ಹಾದಿ ಅದಾವ್ರಿ? ನಾಳೆ ಹುಡುಗ್ರಿಗೆ ಇದನ್ನ ಕಲಿಸ್ಬೇಕು."

"ಭಾಳ ಅಂದ್ರ ಇಪ್ಪತ್ತ ಇರ್ತಾವ ಬಿಡ್ರಿ, ಅಕ್ಕಾರ."

"ಎಪ್ಪತ್ತ ಅದಾವ."

ತಾನೇ ಹಾಸಿದ ನೆಲದ ಲೆಕ್ಕ ತನಗೇ ತಪ್ಪುವುದೇ? ಅಬ್ದುಲಸಾಬ ಚಹಾ ಅಲ್ಲೇ ಬಿಟ್ಟು ನಡೆಯತೊಡಗಿದ. ಒಂದು ಹಾದಿಗೆ ಗೋಡೆಯ ಮೇಲೆ ಒಂದು ಗೀಟು. ಮೂವತ್ತೊಂದನೆಯ ಗೀಟಿಗೆ ತಲೆ ಗಿರ್ರೆಂದಿತು.

"ಈ ಹಾದಿ ಆಗ್ಲೇ ನಡದಿದ್ನೋ ಏನೋ..."

ಬಸವೇಶ್ವರಿ ನಗುತ್ತ ಸೀಮೆಸುಣ್ಣ ಎತ್ತಿಕೊಂಡಳು. "ನಡೀಬ್ಯಾಡ್ರಿ. ಪ್ರತಿ ಕಲ್ಲಿಗೆ ಒಂದs ಮಾತು ಕೇಳ್ರಿ: ಇಲ್ಲಿಗೆ ಎಲ್ಲಿಂದ ಬರಬಹುದು? ಎಡಗಡೆ ಕಲ್ಲಿಂದ, ಇಲ್ಲಾ ಹಿಂದಿನ ಕಲ್ಲಿಂದ. ಅವೆರಡರ ಸಂಖ್ಯಾ ಕೂಡಿಸಿ ಇದರ ಮ್ಯಾಲ ಬರೀರಿ."

ಬಾಗಿಲ ಸಾಲಿನಲ್ಲೂ ಎಡಗೋಡೆಯ ಸಾಲಿನಲ್ಲೂ ಒಂದೊಂದೇ ಹಾದಿ, ಅಲ್ಲೆಲ್ಲ ಅವಳು ಒಂದು ಬರೆದಳು. ಒಳಗೆ ಎರಡು, ಮೂರು, ಆರು... ಕೊನೆಯ ಕಲ್ಲಿಗೆ ಮೂವತ್ತೈದು ಮೂವತ್ತೈದು ಕೂಡಿ ಎಪ್ಪತ್ತು!

"ಖರೆ ಐತಲ್ರಿ!" ಅಬ್ದುಲಸಾಬ ಕುಣಿದೇಬಿಟ್ಟ. ಆಗ ಹಿಮ್ಮಡಿಯ ಕೆಳಗೆ ನಟ್ಟನಡುವಿನ ಕಲ್ಲು ಟೊಳ್ಳು ಸದ್ದು ಮಾಡಿತು. ಬಗ್ಗಿ ಕುಟ್ಟಿ ನೋಡಿದ. ಕೆಳಗೆ ಸಿಮೆಂಟು ಸರಿಯಾಗಿ ಕೂತಿರಲಿಲ್ಲ. ಅವನ ಮುಖ ಸಣ್ಣದಾಯಿತು.

"ನಂದs ತಪ್ಪು. ಇದನ್ನ ಕಿತ್ತು ಮತ್ತ ಹಾಕ್ತೇನ್ರಿ."

"ಹಾಕ್ರಿ, ಅದಕ್ಕೇನಂತ. ಅಲ್ಲೀತನಕ ಅದರ ಮ್ಯಾಲ ಕಾಲಿಡಂಗಿಲ್ಲ. ಹಂಗಾದ್ರ ಎಷ್ಟು ಹಾದಿ ಉಳೀತಾವ?"

"ತಡೀರಿ, ನಾ ಬರೀತೇನಿ!"

ನಡುವಿನ ಕಲ್ಲಿಗೆ ಸೊನ್ನೆ ಬರೆದ. ಅದರ ಆಚೆಯ ಅಂಕಿಗಳನ್ನು ಅಂಗೈಯಿಂದ ಒರೆಸಿ, ಬೆರಳು ಮಡಚುತ್ತ ಒಂದೊಂದೇ ಕೂಡಿಸಿದ. ಕೊನೆಗೆ ಹದಿನೇಳು ಹದಿನೇಳು.

"ಮೂವತ್ನಾಲ್ಕ್ರಿ!"

ಮನಸ್ಸಿನಲ್ಲೇ ಎಣಿಸುತ್ತಿದ್ದ ಬಸವೇಶ್ವರಿ ಇನ್ನೂ ಮುಗಿಸಿರಲಿಲ್ಲ. ತನ್ನ ಲೆಕ್ಕವೂ ಅಷ್ಟೇ ಬಂದದ್ದೇ ಚಪ್ಪಾಳೆ ತಟ್ಟಿದಳು. "ನಾಳೆ ನನ್ನ ಕ್ಲಾಸಿಗೆ ಬರ್ರಿ ಕಾಕಾ, ನೀವs ಹೇಳಿಕೊಡ್ರಿ."

ಮರುದಿನ ಇಸ್ತ್ರಿ ಅಂಗಿ ತೊಟ್ಟು ಹೋದ. ಬೋರ್ಡಿನ ಮೇಲೆ ಇಪ್ಪತ್ತೈದು ಮನೆ ನೆಟ್ಟಗೆ ಎಳೆದು, ಎಪ್ಪತ್ತರ ಲೆಕ್ಕವನ್ನೂ ತಾನು ಕೀಳಬೇಕಾದ ಟೊಳ್ಳು ಕಲ್ಲಿನ ಸಂಗತಿಯನ್ನೂ ಹೇಳಿದ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಹತ್ತು ಕಲ್ಲು ಕಿತ್ತಿದ್ರ ಏನ್ ಮಾಡೋದ್ರಿ, ಸರ್?"

ಜೀವನದಲ್ಲಿ ಯಾರೂ ಅವನನ್ನು ಸರ್ ಎಂದಿರಲಿಲ್ಲ. ಅಬ್ದುಲಸಾಬ ಅಂಗಿಯ ಕಾಲರು ಸರಿಮಾಡಿಕೊಂಡ.

"ಮೊದಲ ಆ ಮೇಸ್ತ್ರಿನ್ನ ಬದಲಿ ಮಾಡೋದವ್ವಾ!"

ಇಡೀ ಕ್ಲಾಸು ಗೊಳ್ಳೆಂದಿತು.