ಹುಣಸೆಹುಳಿ ಕಂಡ ಕಾಡತೂಸು

ಕೊಣ್ಣೂರಿನ ತಾತ್ಯಾಸಾಹೇಬರ ಬಂದೂಕು ಅಪ್ಪಟ ಜೈನ ಬಂದೂಕು. ಅಜ್ಜನ ಕಾಲದಿಂದ ಪರವಾನಗಿ ಇದ್ದರೂ ಒಂದು ಇರುವೆಯನ್ನೂ ಕೊಂದದ್ದಿಲ್ಲ. ಹಿತ್ತಾಳೆ ಕಾಡತೂಸಿಗೆ ಮದ್ದು ತುಂಬುತ್ತಿದ್ದರೇ ಹೊರತು ಗುಂಡಲ್ಲ. ಬರೀ ಸಪ್ಪಳ. ಆ ಸಪ್ಪಳಕ್ಕೆ ಕಬ್ಬಿನೊಳಗಿನ ಹಂದಿಗಳು ಘಟಪ್ರಭೆಯನ್ನು ಈಸಿ ದಾಟಿ ಆಚೆ ದಂಡೆಗೆ ಸಂಸಾರ ಸಾಗಿಸಿದವೆಂದು ಊರಿನ ನಂಬಿಕೆ. ದಸರೆಯ ಸಂಜೆ ಅದು ಢಂ ಎಂದ ಮೇಲೆಯೇ ಜನ ಬನ್ನಿ ಮುರಿಯಬೇಕು.

ಹಾರಿಸಿದ ಕಾಡತೂಸನ್ನೇ ಮತ್ತೆ ಮತ್ತೆ ತುಂಬುವ ಮನೆ ಅದು. ಇದ್ದವು ಆರು. ಒಂದರ ಮಗ್ಗುಲಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತ್ತು. ಅಂಥದ್ದು ಬಂದೂಕಿನೊಳಗೆ ಒಡೆದರೆ ಬೆಂಕಿ ಹಿಂದಕ್ಕೆ, ಹಾರಿಸುವವನ ಕಣ್ಣಿಗೇ ಬರುತ್ತದೆ. ಅದರ ತಳಕ್ಕೆ ಕೆಂಪು ಬಣ್ಣ ಬಳಿದು ಇಟ್ಟಿದ್ದರು. ಅಜ್ಜನದು, ಎಸೆಯಲು ಮನಸ್ಸಾಗಿರಲಿಲ್ಲ.

ದಸರೆಯ ಬೆಳಿಗ್ಗೆ ನೋಡಿದರೆ ಆರೂ ಬಂಗಾರದ ಹಾಗೆ ಹೊಳೆಯುತ್ತಿದ್ದವು.

“ತಾರಾ, ಕೆಂಪು ಬಣ್ಣ ಎಲ್ಲೈತಿ?”

“ಖಂಡೇಪೂಜಿಗೆ ಹುಣಸಿಹಣ್ಣ, ಬೂದಿ ಹಚ್ಚಿ ಬೆಳಗೇನ್ರಿ,” ಎಂದರು ಹೆಂಡತಿ ತಾರಾಬಾಯಿ. “ಆ ಕೆಂಪು ಕಲಿ ಹೋಗೂದ್ರಾಗ ನನ್ನ ಕೈಬಳಿ ಸವದು ಹ್ವಾದೂವು.”

ತಾತ್ಯಾಸಾಹೇಬರು ಒಂದೊಂದನ್ನೂ ಉಗುರಿನಿಂದ ಬಡಿದು ನೋಡಿದರು. ಆರೂ ಬಸದಿಯ ಗಂಟೆಯ ಹಾಗೆ ನುಡಿದವು. ಬಿಸಿಲಿಗೆ ಹಿಡಿದರು. ಹೊಳಪಿಗೆ ಕಣ್ಣು ಕುಕ್ಕಿತೇ ಹೊರತು ಸೀಳು ಕಾಣಲಿಲ್ಲ.

“ಐದು ಚಲೋ ಅದಾವಲ್ರಿ?”

“ಕೆಟ್ಟದ್ದು ಯಾವುದಂತ ನನ್ನ ಕಣ್ಣ ಹ್ವಾದ ಮ್ಯಾಲ ಗೊತ್ತಾಕ್ಕೈತಿ.”

“ಅಪಶಕುನ ಆಡಬ್ಯಾಡ್ರಿ. ಜಳಕಾ ಮಾಡಿ ಬರ್ರಿ.”

ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಆಯುಧಪೂಜೆಗೆ ದೇವರ ಮುಂದೆ ಖಾಲಿ ಇಡಬಾರದೆಂದು ತಾರಾಬಾಯಿ ಕಾಡತೂಸುಗಳಿಗೆ ನೀರು ಹಾಕಿ ಒಂದೊಂದು ಚೆಂಡುಹೂ ಸಿಗಿಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದರ ಮಗ್ಗುಲಲ್ಲಿ ಹನಿ ಜಿನುಗುತ್ತಿತ್ತು.

“ಸಿಕ್ಕ ನೋಡ ಕಳ್ಳ!” ಎಂದು ತಾತ್ಯಾಸಾಹೇಬರು ನಕ್ಕರು. ಅದನ್ನೆತ್ತಿ ಬದಿಗಿಟ್ಟು ಪಕ್ಕದ್ದರ ಕಡೆ ನೋಡಿದರು. ಅದರ ಕೆಳಗೂ ಒದ್ದೆ. ಅದರಾಚೆಯದೂ. ನಗು ಅಲ್ಲಿಗೇ ನಿಂತಿತು. ಬಟ್ಟೆಯ ಮೇಲೆ ಆರು ಒದ್ದೆ ಗುರುತು; ಅಂದರೆ ಆರಕ್ಕೂ ಸೀಳು.

ಅವರು ಗೋಡೆ ಹಿಡಿದು ಕೂತರು. “ತಾರಾ, ಇದರಾಗಿನ ಐದನ್ನ ಹ್ವಾದ ವಾರ ಹಾರಿಸೇನಿ. ಗಲ್ಲಾ ಬಂದೂಕಿಗೆ ಒತ್ತಿ ಹಾರಿಸೇನಿ.”

ತಾರಾಬಾಯಿ ಹತ್ತಿರ ಬಂದರು. ಹುಣಸೆ ವಾಸನೆಯ ಕೈಯಿಂದ ಗಂಡನ ಬಲಗೆನ್ನೆ ಮುಟ್ಟಿ, ಕಣ್ಣು ಮುಟ್ಟಿ, ಮತ್ತೆ ಕೆನ್ನೆ ಮುಟ್ಟಿದರು.

ಸಂಜೆ ಬನ್ನಿ ಮರದ ಕೆಳಗೆ ಊರೆಲ್ಲ ಸೇರಿ ಬಂದೂಕಿನ ಸಪ್ಪಳಕ್ಕೆ ಕಾಯುತ್ತಿತ್ತು. ನೆರೆಯ ಮಾಲಿಂಗಪ್ಪನಿಗೆ ತಡೆಯಲಾಗಲಿಲ್ಲ. “ಯಾಕ್ರಿ ಸಾವ್ಕಾರ್ರ, ಬಂದೂಕಿಗೂ ಉಪವಾಸ ಹಿಡಿಸೀರೇನು?”

ತಾತ್ಯಾಸಾಹೇಬರು ಖಾಲಿ ಬಂದೂಕನ್ನು ಆಕಾಶಕ್ಕೆ ಎತ್ತಿದರು. ಖಾಲಿಯಾದರೂ ಕೆನ್ನೆಯನ್ನು ಮೊಳ ದೂರ ಇಟ್ಟರು. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಹೆದರಿಕೆಯನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದರು.

“ಢಂ!”

ಕಾಗೆಗಳು ಹಾರಿದವು. ಜನ ಬನ್ನಿಗೆ ಕೈ ಹಾಕಿದರು. ಆಚೆ ದಂಡೆಯ ಹಂದಿಗಳು ಮತ್ತೊಂದು ಹರದಾರಿ ಹಿಂದೆ ಸರಿದವಂತೆ.