ಹದಿನೇಳನೆಯ ತಾರೀಕಿನ ಪುಟ

ಟೀಯ ಹಬೆ ಆ ಪುಟ್ಟ ಪುಸ್ತಕದ ನೀಲಿ ರಟ್ಟಿಗೆ ತಾಗಿ ರಟ್ಟು ಒಂದು ಮಗ್ಗುಲಲ್ಲಿ ಸ್ವಲ್ಪ ಮೇಲೇಳುತ್ತಿದೆ, ಇನ್ನೂ ಸ್ವಲ್ಪ ಎದ್ದು, ಲೋಟ ಮಗುಚಿ, ಪುಟಗಳೆಲ್ಲ ಒಂದಕ್ಕೊಂದು ಅಂಟಿಕೊಂಡುಬಿಟ್ಟರೆ ಎಂದು ಅವಳು ನೋಡುತ್ತ ಕೂತಿದ್ದಾಳೆ, ಆದರೆ ಅಪ್ಪನ ಲೋಟ ಇವತ್ತಿನವರೆಗೆ ಮಗುಚಿದ್ದಿಲ್ಲ, ಲೋಟ, ಪುಸ್ತಕ, ಕನ್ನಡಕದ ಡಬ್ಬಿ ಎಲ್ಲವನ್ನೂ ಗೆರೆ ಎಳೆದ ಹಾಗೆ ಸಾಲಾಗಿ ಇಡುವ ಮನುಷ್ಯ, ಮೂವತ್ತು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಿದ ಕೈ. ಮೂರು ತಿಂಗಳಿಗೊಮ್ಮೆ ಬರುವ ಧ್ಯಾನದ ಪುಸ್ತಕ ಅದು, ದಿನಕ್ಕೊಂದು ಪುಟ, ಮೇಲೆ ಒಂದು ಬೈಬಲ್ ವಾಕ್ಯ, ನಡುವೆ ಒಂದು ಅನುಭವ, ಕೊನೆಗೆ ಎರಡು ಸಾಲು ಪ್ರಾರ್ಥನೆ, ಅದರ ಕೆಳಗೆ ಇರುವೆ ಗಾತ್ರದಲ್ಲಿ ಬರೆದವರ ಹೆಸರು — ಅವಳ ಹೆಸರಿರುವ ಪುಟಗಳ ಮೂಲೆಯನ್ನು ಪುಸ್ತಕ ಕೈಗೆ ಬಂದ ದಿನವೇ ಅಮ್ಮ ಮಡಿಚಿಡುತ್ತಾಳೆ, ಈ ತಿಂಗಳ ಹದಿನೇಳನೆಯ ತಾರೀಕಿನ ಪುಟದ ಮೂಲೆ ಮಡಿಚಿದೆ, ಇವತ್ತು ಹದಿನೇಳು. ಎದುರಿಗೆ ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಳೆ, ಅಂಚಿನವರೆಗೆ, ಒಂದು ಮೂಲೆಯನ್ನೂ ಬಿಡದೆ, ಪಕ್ಕದಲ್ಲಿ ಭಾವ, ಇನ್ನೊಂದು ಊರಿನ ಚರ್ಚಿನ ಸಭಾಪಾಲಕರು, ನಿನ್ನೆ ಸಂಜೆ ಹೇಳದೆ ಕೇಳದೆ ಇಬ್ಬರೂ ಬಂದಿಳಿದರು, ಪಾಲಕರ ಕೂಟಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಇದ್ದು ಹೋಗ್ತೀವಿ ಅತ್ತೆ, ಬಂದವರೇ ಭಾವ ಅಪ್ಪನ ಹತ್ತಿರ ತಮ್ಮ ಮನೆ ರಿಪೇರಿಯ ಮಾತು ತೆಗೆದರು, ಸೂರು ಸೋರೋದು ನಿಂತಿತು ಮಾವ, ಇನ್ನು ಅಡುಗೆಮನೇಲಿ ಒಲೆ ಮೇಲಿನ ಟೈಲ್ಸ್ ಒಂದು ಬಿರುಕು ಬಿಟ್ಟಿದೆ, ಅದನ್ನ ಬದಲಾಯಿಸಿಬಿಟ್ರೆ ಮುಗೀತು, ಆಗ ಅವಳ ಕೈಯಲ್ಲಿದ್ದ ತಟ್ಟೆ ಜಾರಿತು, ಒಡೆಯಲಿಲ್ಲ.

ಆ ಟೈಲ್ಸ್ ಅವಳಿಗೆ ಗೊತ್ತು. ಹೋದ ಬೇಸಿಗೆಯಲ್ಲಿ ಅಕ್ಕ ಒಬ್ಬಳೇ ಬಂದಿದ್ದಾಗ ಮಹಡಿಯ ಮೇಲೆ ಇಬ್ಬರೂ ಒಣಗಿದ ಹೊದಿಕೆ ಮಡಿಚುತ್ತಿದ್ದರು, ಆ ತುದಿ ಅಕ್ಕನ ಕೈಯಲ್ಲಿ, ಈ ತುದಿ ಇವಳ ಕೈಯಲ್ಲಿ, ಜಾಡಿಸಿ, ಎಳೆದು, ನಡೆದು ಹತ್ತಿರ ಬಂದು ಬೆರಳಿಗೆ ಬೆರಳು ತಾಗಿದಾಗ ಅಕ್ಕ ಹೇಳಿದಳು, ನಂಗೆ ಪ್ರಾರ್ಥನೆ ಬರಲ್ಲ ಕಣೇ, ಎರಡು ವರ್ಷ ಆಯ್ತು. ಅಂದ್ರೆ? ಅಂದ್ರೆ ಬರಲ್ಲ, ಅಷ್ಟೇ, ಬೆಳಗ್ಗೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಮೊಣಕಾಲೂರಿ ಟೈಲ್ಸ್ ಎಣಿಸ್ತೀನಿ, ನಲವತ್ತೆರಡಿವೆ, ಒಲೆ ಮೇಲಿಂದು ಬಿರುಕು ಬಿಟ್ಟಿದೆ, ಅಲ್ಲಿಂದ ಶುರು ಮಾಡಿ ಅಲ್ಲಿಗೇ ಬರ್ತೀನಿ, ಆಚೆ ಕೂತ ನಿನ್ನ ಭಾವ ನಾನು ಸಭೆಯವರ ಒಬ್ಬೊಬ್ಬರ ಹೆಸರು ಹಿಡಿದು ಬೇಡ್ತಿದ್ದೀನಿ ಅಂದ್ಕೊಂಡಿದ್ದಾರೆ, ಆರಾಧನೇಲಿ ಹಾಡುವಾಗ ತುಟಿ ಮಾತ್ರ ಆಡಿಸ್ತೀನಿ, ಪಾಲಕರ ಹೆಂಡತಿ ಅಲ್ವಾ, ಮುಂದಿನ ಸಾಲು, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಇಲ್ಲ ಅಕ್ಕ. ಅದರ ಮುಂದಿನ ಭಾನುವಾರ ಅವಳು ಹಾಡಿನ ಪುಸ್ತಕದ ಅಂಚಿನಿಂದ ಕದ್ದು ನೋಡಿದಳು, ನಾಲ್ಕೂ ಚರಣ, ಅಕ್ಕನ ತುಟಿ ಆಡುತ್ತಿತ್ತು, ಧ್ವನಿ ಇರಲಿಲ್ಲ.

ಇಲ್ಲ ಅಕ್ಕ ಅಂದವಳು ಆ ರಾತ್ರಿ ದಿನಚರಿಯಲ್ಲಿ ಬರೆದುಕೊಂಡಳು, ಅದು ತಪ್ಪಲ್ಲ, ದಿನಚರಿಗೆ ಬಾಯಿಲ್ಲ. ಹದಿನಾರನೇ ವಯಸ್ಸಿನಲ್ಲಿ ಯುವಜನರ ಶಿಬಿರದಲ್ಲಿ ಉಪದೇಶಕರು ತಲೆಯ ಮೇಲೆ ಕೈಯಿಟ್ಟು ನಿನ್ನ ಲೇಖನಿ ದೇವರದು ಮಗಳೇ ಅಂದಾಗ ಮೈ ಜುಂ ಅಂದಿತ್ತು, ಕರೆ ಅಂದರೆ ಅದೇ ಎಂದು ನಂಬಿದ್ದಾಳೆ, ಈಗಲೂ ನಂಬುತ್ತಾಳೆ, ಆದರೆ ಮಿಕ್ಕಿದ್ದನ್ನು ಅವರು ಹೇಳಲಿಲ್ಲ — ಒಂದು ಕಾಲು ಗಿಡ್ಡವಾದ ಕುರ್ಚಿ, ಅದರಡಿಗೆ ಮಡಿಚಿಟ್ಟ ತನ್ನದೇ ತಿರಸ್ಕೃತ ಪುಟ, ಇನ್ನೂರು ಪದ ಅಂದರೆ ಇನ್ನೂರೇ, ಬರೆಯುವ ಮುಂಚೆ ಕಣ್ಣು ಮುಚ್ಚಿದರೆ ದೇವರ ಬದಲು ಕ್ರಿಯಾಪದ ಕಾಣುವುದು, ಪದವಿ ಮುಗಿಸಿ ಏನ್ಮಾಡ್ತಿದ್ದಾಳೆ ಅಂತ ಕೇಳಿದವರಿಗೆಲ್ಲ ಅಮ್ಮ ಬರೀತಾಳೆ ಅಂದರೆ ಅವರು ಪರೀಕ್ಷೆನಾ ಅನ್ನುವುದು, ಆರಾಧನೆ ಮುಗಿದ ಮೇಲೆ ಮುದುಕಿಯೊಬ್ಬರು ಕೈ ಹಿಡಿದು ನಿನ್ನ ಪುಟ ಓದ್ದೆ ಕಣಮ್ಮ, ಚೆನ್ನಾಗಿತ್ತು, ಅಕ್ಷರ ಸ್ವಲ್ಪ ದೊಡ್ಡದು ಮಾಡೋಕೆ ಹೇಳು ಅನ್ನುವುದು. ಎಲ್ಲಕ್ಕಿಂತ ಆ ನಡುವಿನ ಅನುಭವ, ಅದು ನಿಜ ಆಗಿರಬೇಕು, ಯಾರದ್ದೋ ಬದುಕಿನಿಂದ ಬರಬೇಕು, ಮನೆಯಿಂದ ಹೊರಗೆ ಕಾಲಿಡದವಳಿಗೆ ವರ್ಷಕ್ಕೆ ಹನ್ನೆರಡು ಅನುಭವ ಎಲ್ಲಿಂದ ಬರಬೇಕು, ತನ್ನ ಬಾಲ್ಯ ಮುಗಿಯಿತು, ಅಪ್ಪನ ಗೋದಾಮು ಮುಗಿಯಿತು, ಅಜ್ಜಿಯ ಸಾವನ್ನು ಎರಡು ಸಲ ಬಳಸಿದ್ದಾಯಿತು. ಆಗ ಕೈ ದಿನಚರಿಗೆ ಹೋಯಿತು, ಒಬ್ಬ ಸಹೋದರಿ ಎಂದು ಬರೆದಳು, ಊರಿಲ್ಲ ಹೆಸರಿಲ್ಲ, ಅಕ್ಕನನ್ನು ಒಂದು ಮಾತು ಕೇಳೋಣ, ಕಳಿಸುವ ಮುಂಚೆ ಕೇಳೋಣ ಎಂದುಕೊಂಡೇ ಕಳಿಸಿದಳು. ಬರೆಯುವಾಗ ಅತ್ತಳು, ಅಕ್ಕನಿಗಾಗಿ ಅಲ್ಲ, ಅದನ್ನು ಒಪ್ಪಿಕೊಳ್ಳಲು ಇಷ್ಟು ತಿಂಗಳು ಬೇಕಾಯಿತು, ಆ ಬಿರುಕಿನ ಸಾಲು ಚೆನ್ನಾಗಿ ಬಂದಿದ್ದಕ್ಕೆ ಅತ್ತಳು. ಸಂಪಾದಕರು, ನಿವೃತ್ತ ಹೆಡ್‌ಮಾಸ್ಟರು, ಫೋನ್ ಮಾಡಿದರು, ನೀನು ಬರೆದಿದ್ದರಲ್ಲೆಲ್ಲ ಇದೇ ಮೇಲು ಮಗಳೇ, ಆದರೆ ಕೊನೆಗೆ ವಿಶ್ವಾಸದ ಜಯ ಎಲ್ಲಿ, ಟೈಲ್ಸ್ ಎಣಿಸ್ತಾ ಕೂತ ಹೆಂಗಸನ್ನ ಹಾಗೇ ಬಿಟ್ಟು ಓದುಗರು ಕೆಲಸಕ್ಕೆ ಹೋಗೋದು ಹೇಗೆ, ಒಂದು ಜಯ ಹಾಕು. ಹಾಕಿದಳು. ಒಂದು ಮುಂಜಾನೆ ಆ ಸಹೋದರಿಯ ಧ್ವನಿ ಮರಳಿತು. ಬಿರುಕಿನ ಸಾಲಿಗೆ ಒಂದು ವಾರ ಹಿಡಿದಿತ್ತು, ಜಯಕ್ಕೆ ನಾಲ್ಕು ನಿಮಿಷ. ಆಮೇಲೆ ಪ್ರೂಫ್ ಬಂತು, ಪೆನ್ನು ಕೈಯಲ್ಲಿತ್ತು, ಟೈಲ್ಸ್ ಎಂಬ ಪದ ಹೊಡೆದುಹಾಕಿ ಕಿಟಕಿ ಅಂತ ಬರೆದರೆ ಸಾಕಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಬರೆದೂ ನೋಡಿದಳು ಪಕ್ಕದ ಹಾಳೆಯಲ್ಲಿ, ಕಿಟಕಿ, ಪುಟ ಸತ್ತುಹೋಯಿತು, ಪ್ರೂಫನ್ನು ಹಾಗೇ ಲಕೋಟೆಗೆ ಹಾಕಿ ಅಂಟಿಸಿದಳು, ಅಂಟು ನಾಲಿಗೆಗೆ ಸಿಹಿಯಾಗಿತ್ತು.

ಅಪ್ಪ ಕನ್ನಡಕದ ಡಬ್ಬಿ ತೆರೆದರು. ಈಗ. ನೆಟಿಗೆ ಮುರಿಯುತ್ತಿದ್ದ ಬೆರಳನ್ನು ಮೇಜಿನ ಕೆಳಗೆ ಅದುಮಿ ಅವಳೇ ಹೇಳುತ್ತಾಳೆ, ಅಪ್ಪ, ಇವತ್ತು ನಾನು ಓದ್ಲಾ. ಎಲ್ಲರೂ ತಿರುಗಿ ನೋಡಿದರು. ಅಮ್ಮ ಅಂದಳು, ಕೇಳಿಸ್ಕೊಂಡ್ರಾ, ಕಲ್ಲು ಮಾತಾಡ್ತು. ಭಾವ ನಕ್ಕರು, ತಮ್ಮದನ್ನ ತಾವೇ ಓದೋದು ಅಡುಗೆ ಮಾಡಿದೋರೇ ಚಪ್ಪರಿಸಿದ ಹಾಗೆ ಸಾಹಿತಿಗಳೇ, ನೀವು ಸುಮ್ನೆ ಕೂತು ಹೊಗಳಿಸ್ಕೊಳ್ಳಿ. ಅಪ್ಪ ಅಂದರು, ಮನೆಗೆ ಬಂದವರು ಓದೋದು ನಮ್ಮಲ್ಲಿ ವಾಡಿಕೆ ಗುಬ್ಬಿ, ನಿಂಗೊತ್ತಿಲ್ವಾ, ಎಂದು ಪುಸ್ತಕವನ್ನು ಭಾವನ ಕಡೆ ಸರಿಸಿದರು, ಭಾವ ಜೇಬು ತಡಕಿದರು, ಕನ್ನಡಕ ಬ್ಯಾಗಲ್ಲಿದೆ, ಇವಳೇ ಓದ್ಲಿ, ತಂಗಿ ಬರೆದಿದ್ದು ಅಕ್ಕ ಓದಿದ್ರೇ ಚೆಂದ. ನೀಲಿ ರಟ್ಟು ಮೇಜಿನ ಮೇಲೆ ಜಾರಿ ಅಕ್ಕನ ಮುಂದೆ ನಿಂತಿತು. ಅಕ್ಕ ಬೆರಳಿನ ಬೆಣ್ಣೆ ಒರೆಸಿಕೊಂಡಳು, ಒಂದು ಬೆರಳು, ಇನ್ನೊಂದು, ಮಡಿಚಿದ ಮೂಲೆ ಬಿಡಿಸಿ, ಇವಳ ಕಡೆ ನೋಡಿ ಸಣ್ಣಗೆ ನಕ್ಕಳು, ಹೆಮ್ಮೆಯ ನಗು, ಈ ನಗುವನ್ನು ತಡೆಯಬೇಕು, ಅಕ್ಕ ಬೇಡ, ಎರಡೇ ಪದ, ಇನ್ನೂರು ಪದಗಳನ್ನು ಅಳೆದು ಅಳೆದು ಜೋಡಿಸಿದವಳಿಗೆ ಎರಡು ಪದ ಹೇಳಲಾಗುತ್ತಿಲ್ಲ. ಅಕ್ಕ ಓದುತ್ತಾಳೆ, ಹೆಂಗಸರ ಕೂಟದಲ್ಲಿ ಓದಿ ಪಳಗಿದ ತಿಳಿ ಧ್ವನಿ, ಮೇಲಿನ ವಾಕ್ಯ ಮುಗಿಯಿತು, ಒಬ್ಬ ಸಹೋದರಿ ಪ್ರತಿ ಮುಂಜಾನೆ ಅಡುಗೆಮನೆಯ ಬಾಗಿಲು ಮುಚ್ಚಿ ಮೊಣಕಾಲೂರುತ್ತಿದ್ದಳು, ಭಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ, ಗೊತ್ತಿರುವ ಸಂಗತಿ, ತಮ್ಮ ಮನೆಯ ಒಳ್ಳೆಯ ಸಂಗತಿ, ಅಮ್ಮ ಸದ್ದಾಗದ ಹಾಗೆ ಚಮಚ ಕೆಳಗಿಡುತ್ತಾಳೆ, ಗೋಡೆಯಲ್ಲಿ ಟೈಲ್ಸ್ ನಲವತ್ತೆರಡಿದ್ದವು, ಧ್ವನಿ ಸ್ವಲ್ಪ ನಿಧಾನವಾಯಿತು, ಅಷ್ಟೇ, ಬೇರೆ ಯಾರಿಗೂ ತಿಳಿಯದಷ್ಟು, ಅದರಲ್ಲಿ ಒಂದು, ಒಲೆಯ ಮೇಲಿನದು — ಭಾವನ ತಲೆ ತೂಗುವುದು ನಿಂತಿತು, ಕಣ್ಣು ತೆರೆಯಿತು. ಅಕ್ಕ ತಲೆ ಎತ್ತಿ ಇವಳನ್ನು ನೋಡಲಿ, ಬೈಯಲಿ, ಪುಸ್ತಕ ಬಿಸಾಡಲಿ, ಅಕ್ಕ ತಲೆ ಎತ್ತುವುದಿಲ್ಲ, ಬೆರಳು ಸಾಲಿನ ಕೆಳಗೆ ಹೋಗುತ್ತಿದೆ, ಒಂದು ಸಾಲು, ಇನ್ನೊಂದು, ನಾಲ್ಕು ನಿಮಿಷದಲ್ಲಿ ಬರೆದ ಸಾಲಿನ ಹತ್ತಿರ ಬರುತ್ತಿದೆ, ಧ್ವನಿ ಮರಳಿತು ಎಂದಿರುವ ಸಾಲು, ಅಪ್ಪ ಕಿವಿ ಮುಂದೆ ಮಾಡಿದರು, ಸ್ವಲ್ಪ ಜೋರಾಗಿ ಓದಮ್ಮ, ಅಕ್ಕನ ಬೆರಳು ಆ ಸಾಲಿನ ಕೆಳಗೆ ಹೋಗುತ್ತಿದೆ, ತುಟಿ ಆಡುತ್ತಿದೆ, ತುಟಿ ಮಾತ್ರ, ಆಡುತ್ತಿದೆ